ಕ್ಷಮಿಸುವ ದೇವರು, ಹಿಂತಿರುಗಿಸಬೇಕಾದ ಹಣ

ಥಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿಗಳಲ್ಲಿ ನೆಲೆಸಿದ ಕನ್ನಡನಾಡಿನ ಕ್ರೈಸ್ತರಲ್ಲಿ ಮಂಗಳೂರು-ಉಡುಪಿ ಕಡೆಯ ಕಥೋಲಿಕರಿದ್ದಾರೆ, ಬಾಸೆಲ್ ಮಿಶನ್ ಹಿನ್ನೆಲೆಯ ಪ್ರೊಟೆಸ್ಟೆಂಟರಿದ್ದಾರೆ, ಹುಬ್ಬಳ್ಳಿ-ಧಾರವಾಡದ ಕಡೆಯಿಂದ ಬಂದವರಿದ್ದಾರೆ. ಆರಾಧನೆಯ ಕ್ರಮ ಬೇರೆಯಾದರೂ ಈ ಎಲ್ಲರ ನಡುವೆ ಒಂದು ನಂಬಿಕೆ ಸಮಾನವಾಗಿ ಓಡಾಡುತ್ತಿದೆ. ತಪ್ಪು ಮಾಡಿದ್ದನ್ನು ದೇವರ ಮುಂದೆ ಒಪ್ಪಿಕೊಂಡಾಯಿತು, ಅವನು ಕ್ಷಮಿಸಿಯೂ ಆಯಿತು, ಇನ್ನು ಹಳೆಯದನ್ನು ಕೆದಕಿದರೆ ಅವನ ಕೃಪೆಯನ್ನೇ ಶಂಕಿಸಿದಂತಾಗುತ್ತದೆ ಎಂಬುದು ಆ ನಂಬಿಕೆ. ಈ ಮಾತಿನಲ್ಲಿ ಸತ್ಯವೂ ಗೊಂದಲವೂ ಬಿಡಿಸಲಾಗದಂತೆ ಹೆಣೆದುಕೊಂಡಿವೆ. ಗೊಂದಲ ಪುಸ್ತಕದ್ದಾಗಿದ್ದರೆ ಪಂಡಿತರಿಗೆ ಬಿಟ್ಟು ಸುಮ್ಮನಿರಬಹುದಿತ್ತು. ಆದರೆ ಇದು ವ್ಯಾಪಾರದಲ್ಲಿ, ಮನೆ ಕೊಳ್ಳುವಲ್ಲಿ, ಅಣ್ಣತಮ್ಮಂದಿರ ಪಾಲುಪಟ್ಟಿಯಲ್ಲಿ, ಆದಾಯ ತೆರಿಗೆಯ ಕಾಗದದಲ್ಲಿ ದಿನವೂ ಕೆಲಸ ಮಾಡುತ್ತಿದೆ. ಆದ್ದರಿಂದ ಇದನ್ನು ಬಿಡಿಸಿ ನೋಡಲೇಬೇಕು.

ಮೊದಲು ಈ ನಂಬಿಕೆಗೆ ಸಲ್ಲಬೇಕಾದ ನ್ಯಾಯ ಸಲ್ಲಲಿ. ಅದರ ಬೆನ್ನಿಗೆ ಮೂರು ಗಟ್ಟಿ ಆಧಾರಗಳಿವೆ. ಒಂದು, ಪೌಲನು ಎಫೆಸದವರಿಗೆ ಬರೆದ ಪತ್ರಿಕೆಯ ಎರಡನೆಯ ಅಧ್ಯಾಯ. ರಕ್ಷಣೆ ಕೃಪೆಯಿಂದ, ನಂಬಿಕೆಯ ಮೂಲಕ ಬರುವ ವರ, ದುಡಿದು ಪಡೆದ ಕೂಲಿಯಲ್ಲ ಎಂದು ಅಲ್ಲಿ ಸ್ಪಷ್ಟವಾಗಿದೆ. ಎರಡು, ಚರ್ಚಿನ ಇತಿಹಾಸ. ಹಣ ಕೊಟ್ಟು ಪಾಪದ ಶಿಕ್ಷೆಯಿಂದ ಬಿಡುಗಡೆ ಪಡೆಯಬಹುದೆಂಬ ವ್ಯವಹಾರದ ವಿರುದ್ಧ ಮಾರ್ಟಿನ್ ಲೂಥರ್ 1517ರಲ್ಲಿ ದನಿಯೆತ್ತಿದ್ದು ಕೃಪೆ ಮಾರಾಟದ ಸರಕಲ್ಲ ಎಂಬ ಕಾರಣಕ್ಕೇ. ಮೂರು, ಮನುಷ್ಯನ ಮನಸ್ಸು. ಹತ್ತಾರು ವರ್ಷಗಳ ಹಿಂದಿನ ತಪ್ಪನ್ನು ನೆನೆನೆನೆದು ಕೊರಗುವ, ಎಷ್ಟು ಸಲ ಪಾಪನಿವೇದನೆ ಮಾಡಿದರೂ ಸಮಾಧಾನ ಕಾಣದ ಜನ ಎಲ್ಲ ಸಭೆಗಳಲ್ಲೂ ಇದ್ದಾರೆ. ದೇವರು ಕ್ಷಮಿಸಿದ್ದನ್ನು ನೀನೇಕೆ ಹಿಡಿದುಕೊಂಡಿದ್ದೀ ಎಂದು ಅಂಥವರಿಗೆ ಹೇಳುವುದು ಕರುಣೆಯ ಮಾತು. ಈ ಮೂರನ್ನೂ ನಾನು ಒಪ್ಪುತ್ತೇನೆ. ಇಷ್ಟರಿಂದ ನಷ್ಟಕ್ಕೊಳಗಾದವನಿಗೆ ನಾನೇನೂ ಕೊಡಬೇಕಿಲ್ಲ, ಏನೂ ಹೇಳಬೇಕಿಲ್ಲ ಎಂಬ ತೀರ್ಮಾನಕ್ಕೆ ಬರುವುದನ್ನು ಮಾತ್ರ ಒಪ್ಪಲಾರೆ.

ಉದಾಹರಣೆಗೆ ನಮ್ಮ ಕಡೆಯ ಒಂದು ಸಾಮಾನ್ಯ ವ್ಯವಹಾರವನ್ನೇ ತೆಗೆದುಕೊಳ್ಳೋಣ. ಫ್ಲ್ಯಾಟು ಕೈಬದಲಾಗುವಾಗ ಮಾತಾದ ಬೆಲೆಯ ಒಂದು ಪಾಲು ಚೆಕ್ಕಿನಲ್ಲಿ, ಇನ್ನೊಂದು ಪಾಲು ನಗದಿನಲ್ಲಿ ಹೋಗುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಮೊದಲನೆಯದು ವೈಟ್, ಎರಡನೆಯದು ಬ್ಲ್ಯಾಕ್. ಅಗ್ರಿಮೆಂಟಿನಲ್ಲಿ ಸರಕಾರದ ರೆಡಿ ರೆಕನರ್ ದರಕ್ಕೆ ಹೊಂದುವ ಅಂಕಿಯನ್ನಷ್ಟೇ ಬರೆಯುತ್ತಾರೆ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಕೊಟ್ಟವರೂ ಕೊಂಡವರೂ ಹೆಬ್ಬೆಟ್ಟು ಒತ್ತಿ, ಕ್ಯಾಮೆರಾಕ್ಕೆ ಮುಖ ಕೊಟ್ಟು, ಬೆಲೆ ಇಷ್ಟೇ ಎಂದು ಸಹಿ ಹಾಕುತ್ತಾರೆ. ಕೆಲವು ದಿನಗಳಲ್ಲಿ ಗುರುಗಳನ್ನೋ ಸಭಾಪಾಲಕರನ್ನೋ ಕರೆಸಿ ಹೊಸ ಮನೆಯ ಆಶೀರ್ವಾದವಾಗುತ್ತದೆ. ಪ್ರಾರ್ಥನಾಕೂಟದಲ್ಲಿ ಎದ್ದು ನಿಂತು, ದೇವರ ಕೃಪೆಯಿಂದ ಮನೆಯಾಯಿತು ಎಂದು ಸಾಕ್ಷಿ ಹೇಳಲಾಗುತ್ತದೆ. ಆ ಸಾಕ್ಷಿ ಹೇಳುವವರು ಕಪಟಿಗಳಲ್ಲ. ಅವರ ಕಣ್ಣೀರು ನಿಜವಾದದ್ದು, ಕೃತಜ್ಞತೆಯೂ ನಿಜವಾದದ್ದು. ಆದರೆ ಕಚೇರಿಯಲ್ಲಿ ಹಾಕಿದ ಸುಳ್ಳು ಸಹಿಗೂ ಕೂಟದಲ್ಲಿ ಹೇಳಿದ ಸಾಕ್ಷಿಗೂ ಸಂಬಂಧವಿದೆ ಎಂಬುದೇ ಅವರಿಗೆ ಹೊಳೆದಿರುವುದಿಲ್ಲ. ಒಂದು ಲೋಕವ್ಯವಹಾರ, ಇನ್ನೊಂದು ಆತ್ಮದ ವಿಷಯ ಎಂದು ಅವರು ಅಂದುಕೊಂಡಿರುತ್ತಾರೆ. ಮುಂದೆಂದಾದರೂ ಮನಸ್ಸು ಚುಚ್ಚಿದರೆ ಮೊಣಕಾಲೂರಿ ಕ್ಷಮೆ ಕೇಳಿದರಾಯಿತು, ಲೆಕ್ಕ ಮುಗಿಯಿತು.

ಲೆಕ್ಕ ಮುಗಿಯಿತೇ? ಇಲ್ಲಿ ಒಂದಲ್ಲ, ಮೂರು ಲೆಕ್ಕಗಳಿವೆ. ಅವುಗಳನ್ನು ಬೇರೆಬೇರೆಯಾಗಿ ಇಟ್ಟು ನೋಡಬೇಕು.

1. ದೇವರ ಮುಂದೆ ನನ್ನ ಅಪರಾಧ. ಇದನ್ನು ಮನ್ನಿಸುವ ಅಧಿಕಾರ ದೇವರದು. ಅವನು ಉಚಿತವಾಗಿ, ಪೂರ್ತಿಯಾಗಿ ಮನ್ನಿಸುತ್ತಾನೆ ಎಂಬುದೇ ಸುವಾರ್ತೆ.

2. ನನ್ನಿಂದ ನಷ್ಟ ಅನುಭವಿಸಿದ ಮನುಷ್ಯನ ಹಕ್ಕು. ದೇವರು ನನ್ನನ್ನು ಕ್ಷಮಿಸಿದ್ದರಿಂದ ಅವನ ಜೇಬಿಗೆ ಹಣ ಮರಳಿ ಬರುವುದಿಲ್ಲ, ಅವನ ಹೋದ ಹೆಸರು ಹಿಂತಿರುಗುವುದಿಲ್ಲ. ಅದು ಅವನಿಗೆ ಸೇರಿದ್ದು, ನನ್ನ ಬಳಿ ಇದೆ, ಅಷ್ಟೇ.

3. ಸಮಾಜದ ಕಾನೂನು. ತೆರಿಗೆ, ಕೋರ್ಟು, ಶಿಕ್ಷೆ ಇವುಗಳದ್ದು ಬೇರೆಯೇ ದಾರಿ.

ನಮ್ಮ ಗೊಂದಲದ ಮೂಲ ಇರುವುದು ಒಂದನೆಯ ಲೆಕ್ಕ ತೀರಿದ್ದನ್ನು ಎರಡನೆಯದಕ್ಕೂ ಮೂರನೆಯದಕ್ಕೂ ಹಾಕಿದ ರಸೀದಿ ಎಂದು ಭಾವಿಸುವುದರಲ್ಲಿ. ಕಲ್ಯಾಣ್-ಡೊಂಬಿವಲಿ ಪಾಲಿಕೆಯ ವ್ಯಾಪ್ತಿಯಲ್ಲಿ ನಕಲಿ ಪರವಾನಗಿ ಪತ್ರಗಳನ್ನು ತೋರಿಸಿ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದ (ರೇರಾ) ನೋಂದಣಿ ಪಡೆದ 65 ಕಟ್ಟಡಗಳನ್ನು ಕೆಡವಬೇಕೆಂದು ಮುಂಬಯಿ ಹೈಕೋರ್ಟು 2024ರ ನವೆಂಬರಿನಲ್ಲಿ ಆದೇಶಿಸಿತು. ಕಾಗದ ಸರಿಯಿದೆ ಎಂದು ನಂಬಿ, ಬ್ಯಾಂಕಿನಿಂದ ಸಾಲ ತೆಗೆದು, ಕಂತು ಕಟ್ಟುತ್ತಿದ್ದ ಕುಟುಂಬಗಳು ಸೂರು ಕಳೆದುಕೊಳ್ಳುವ ಭಯದಲ್ಲಿ ಬೀದಿಗಿಳಿದವು. ಅಂಥ ನಕಲಿ ಕಾಗದ ತಯಾರಿಸಿದ ಒಬ್ಬ ಮನುಷ್ಯ, ಯಾವ ಧರ್ಮದವನೇ ಆಗಲಿ, ಒಂದು ರಾತ್ರಿ ಕಣ್ಣೀರಿಟ್ಟು ದೇವರಲ್ಲಿ ಕ್ಷಮೆ ಬೇಡಿದನೆಂದುಕೊಳ್ಳೋಣ. ಮರುದಿನ ಬೆಳಿಗ್ಗೆ ಆ ಹಣವನ್ನು ಹಾಗೇ ಇಟ್ಟುಕೊಂಡು, ನನಗೀಗ ಶಾಂತಿ ಸಿಕ್ಕಿತು ಎಂದರೆ, ಕಂತು ಕಟ್ಟುತ್ತಿರುವ ಆ ಮನೆಯಾಕೆಗೆ ನಾವು ಏನು ಹೇಳಬೇಕು? ಅವನ ಶಾಂತಿಯ ಬೆಲೆಯನ್ನು ಆಕೆ ತೆರುತ್ತಿದ್ದಾಳೆ. ಕ್ಷಮೆಯನ್ನು ಹೀಗೆ ಅರ್ಥ ಮಾಡಿಕೊಂಡರೆ ದೇವರು ಮೋಸಕ್ಕೆ ಪಾಲುದಾರನಾಗುತ್ತಾನೆ. ದೊಡ್ಡ ಮೋಸದಲ್ಲಿ ಇಷ್ಟು ನಿಚ್ಚಳವಾಗಿ ಕಾಣುವ ಸಂಗತಿ ಸಣ್ಣ ಮೋಸದಲ್ಲಿ ಮಸುಕಾಗಿ ಕಾಣುವುದಕ್ಕೆ ಕಾರಣ, ಅಲ್ಲಿ ನಷ್ಟ ಹೊತ್ತವರ ಮುಖ ನಮಗೆ ಕಾಣದಿರುವುದು ಮಾತ್ರ.

ಇದಕ್ಕೆ ಸಭೆಯೊಳಗಿಂದ ಏಳುವ ಮೊದಲ ಆಕ್ಷೇಪ ಗಂಭೀರವಾದದ್ದು. ಹಿಂತಿರುಗಿಸಿದರೆ ಮಾತ್ರ ಕ್ಷಮೆ ಎಂದಾದರೆ ಕೃಪೆಗೆ ಷರತ್ತು ಬಿತ್ತು, ಷರತ್ತು ಬಿದ್ದ ಮೇಲೆ ಅದು ಕೃಪೆ ಹೇಗಾಯಿತು ಎಂಬ ಪ್ರಶ್ನೆ ಅದು. ಉತ್ತರಕ್ಕೆ ಲೂಕನ ಸುವಾರ್ತೆಯ ಹತ್ತೊಂಬತ್ತನೆಯ ಅಧ್ಯಾಯದ ಜಕ್ಕಾಯನ ಬಳಿಗೆ ಹೋಗಬೇಕು. ಅಲ್ಲಿ ಘಟನೆಗಳ ಕ್ರಮವನ್ನು ಗಮನಿಸಿ. ಸುಂಕದವರ ಮುಖ್ಯಸ್ಥನಾದ ಜಕ್ಕಾಯ ಇನ್ನೂ ಮರದ ಮೇಲಿದ್ದಾನೆ, ಏನೂ ಒಪ್ಪಿಕೊಂಡಿಲ್ಲ, ಏನೂ ಕೊಟ್ಟಿಲ್ಲ. ಆಗಲೇ ಯೇಸು ಅವನ ಮನೆಗೆ ಬರುತ್ತೇನೆಂದು ತಾನಾಗಿ ಹೇಳುತ್ತಾನೆ. ಇದು ಕೃಪೆ, ಷರತ್ತಿಲ್ಲದ ಕೃಪೆ. ಆಮೇಲೆ ಜಕ್ಕಾಯ ಎದ್ದು ನಿಂತು ಆಸ್ತಿಯ ಅರ್ಧ ಬಡವರಿಗೆ, ಮೋಸದಿಂದ ತೆಗೆದುಕೊಂಡಿದ್ದಕ್ಕೆ ನಾಲ್ಕರಷ್ಟು ಎಂದು ಘೋಷಿಸುತ್ತಾನೆ. ಅರಣ್ಯಕಾಂಡದ ಐದನೆಯ ಅಧ್ಯಾಯದ ನಿಯಮದಂತೆ ತಪ್ಪನ್ನು ತಾನೇ ಒಪ್ಪಿಕೊಂಡವನು ಅಸಲನ್ನೂ ಅದರ ಮೇಲೆ ಐದನೆಯ ಒಂದು ಪಾಲನ್ನೂ ಸೇರಿಸಿ ಕೊಟ್ಟರೆ ಸಾಕಿತ್ತು. ನಾಲ್ಕರಷ್ಟು ಎಂಬುದು ವಿಮೋಚನಕಾಂಡದಲ್ಲಿ ಕುರಿ ಕದ್ದು ಕೊಂದವನಿಗೋ ಮಾರಿದವನಿಗೋ ವಿಧಿಸಿದ ದಂಡ. ಅಂದರೆ ಕಾನೂನು ಕೇಳದಷ್ಟನ್ನು ಅವನು ಕೊಟ್ಟ. ಕೊಟ್ಟದ್ದರಿಂದ ಅತಿಥಿ ಬಂದದ್ದಲ್ಲ, ಅತಿಥಿ ಬಂದದ್ದರಿಂದ ಅವನು ಕೊಡಬಲ್ಲವನಾದ. ಹಿಂತಿರುಗಿಸುವುದು ಕೃಪೆಗೆ ತೆತ್ತ ಬೆಲೆಯಲ್ಲ, ಕೃಪೆ ಬಂದಿದೆ ಎಂಬುದರ ಗುರುತು. ಬೆಲೆಗೂ ಗುರುತಿಗೂ ಇರುವ ಈ ವ್ಯತ್ಯಾಸ ಮರೆತಾಗಲೇ ನಾವು ಎರಡು ತಪ್ಪುಗಳ ನಡುವೆ ತೂಗಾಡುವುದು.

ಚರ್ಚಿನ ಪರಂಪರೆಯೂ ಇದನ್ನೇ ಹೇಳುತ್ತದೆ. ಮನುಷ್ಯ ತನ್ನ ಪ್ರಯತ್ನದಿಂದಲೇ ಒಳ್ಳೆಯವನಾಗಬಲ್ಲ ಎಂದ ಪೆಲಾಗಿಯಸನ ವಾದವನ್ನು ಎದುರಿಸಿ, ಎಲ್ಲವೂ ಕೃಪೆಯೇ ಎಂದು ಜೀವನದ ಕೊನೆಯವರೆಗೂ ವಾದಿಸಿದವನು ಅಗಸ್ಟೀನ್. ಅದೇ ಅಗಸ್ಟೀನ್, ಮ್ಯಾಸಿಡೋನಿಯಸ್ ಎಂಬ ರೋಮನ್ ಅಧಿಕಾರಿಗೆ ಬರೆದ ಪತ್ರದಲ್ಲಿ, ಹಿಂತಿರುಗಿಸಲು ಸಾಧ್ಯವಿದ್ದೂ ಕದ್ದದ್ದನ್ನು ಹಿಂತಿರುಗಿಸದವನ ಪಶ್ಚಾತ್ತಾಪ ಬರೀ ನಟನೆ ಎಂದು ತೀರ್ಪು ಕೊಡುತ್ತಾನೆ. ಕೃಪೆಯ ಪರವಾಗಿ ಅವನಿಗಿಂತ ದೊಡ್ಡ ವಕೀಲ ಪಶ್ಚಿಮದ ಚರ್ಚಿಗೆ ಸಿಕ್ಕಿಲ್ಲ. ಅವನಿಗೇ ಈ ಎರಡರಲ್ಲಿ ವಿರೋಧ ಕಾಣಲಿಲ್ಲ. 1992ರ ಕಥೋಲಿಕ ಧರ್ಮೋಪದೇಶ ಗ್ರಂಥದ 1459ನೆಯ ಕಲಮು, ಪಾಪನಿವೇದನೆಯಲ್ಲಿ ಕ್ಷಮೆ ದೊರೆತ ಮೇಲೂ ನೆರೆಯವನಿಗಾದ ಹಾನಿಯನ್ನು ಸಾಧ್ಯವಾದಷ್ಟು ಸರಿಪಡಿಸಬೇಕು ಎನ್ನುತ್ತದೆ. ಪ್ರೊಟೆಸ್ಟೆಂಟರು ಬಾಯಿಪಾಠ ಮಾಡುವ ಎಫೆಸದ ಪತ್ರಿಕೆಯೂ ಎರಡನೆಯ ಅಧ್ಯಾಯಕ್ಕೆ ನಿಲ್ಲುವುದಿಲ್ಲ. ನಾಲ್ಕನೆಯ ಅಧ್ಯಾಯದಲ್ಲಿ ಪೌಲನು ಸುಳ್ಳನ್ನು ಬಿಡಲು ಹೇಳುತ್ತಾನೆ, ಕಳ್ಳನಾಗಿದ್ದವನು ಇನ್ನು ಕದಿಯದೆ ಕೈಯಾರೆ ದುಡಿದು ಇಲ್ಲದವರಿಗೆ ಕೊಡಲಿ ಎನ್ನುತ್ತಾನೆ. 1999ರ ಅಕ್ಟೋಬರ್ 31ರಂದು ಜರ್ಮನಿಯ ಔಗ್ಸ್‌ಬರ್ಗಿನಲ್ಲಿ ಲೂಥರನ್ನರೂ ಕಥೋಲಿಕರೂ ಸಹಿ ಹಾಕಿದ ಜಂಟಿ ಘೋಷಣೆಯ ತಿರುಳೂ ಇದೇ: ಸ್ವೀಕಾರ ಕೃಪೆಯಿಂದ ಮಾತ್ರ, ಸತ್ಕಾರ್ಯ ಅದರ ಫಲ. ಕೃಪೆಯ ಬಗ್ಗೆಯೇ ಶ್ರೀವೈಷ್ಣವರಲ್ಲಿ ನಡೆದ ವಾದವೂ ಕನ್ನಡಿಗರಿಗೆ ಪರಿಚಿತ. ಭಕ್ತನು ಕೋತಿಯ ಮರಿಯಂತೆ ತಾನೂ ತಾಯಿಯನ್ನು ಹಿಡಿಯಬೇಕೇ, ಬೆಕ್ಕಿನ ಮರಿಯಂತೆ ತಾಯಿಯೇ ಕಚ್ಚಿ ಒಯ್ಯುತ್ತಾಳೆಯೇ ಎಂಬ ಮಾರ್ಜಾಲ-ಮರ್ಕಟ ನ್ಯಾಯಗಳ ಚರ್ಚೆ ಅದು. ಎರಡರಲ್ಲಿ ಯಾವುದನ್ನು ಒಪ್ಪಿದರೂ ಒಂದು ಮಾತು ಉಳಿಯುತ್ತದೆ: ತಾಯಿ ಮರಿಯನ್ನು ಎತ್ತುವುದು ಅದಿದ್ದ ಜಾಗದಿಂದ ಬೇರೆಡೆಗೆ ಒಯ್ಯಲು.

ಹಾಗಿದ್ದರೆ ಪ್ರಾಮಾಣಿಕತೆಯೇ ಮುಖ್ಯ, ಪ್ರಾಮಾಣಿಕನಾಗಿದ್ದರೆ ದೇವರು ಕೈಬಿಡುವುದಿಲ್ಲ, ಎಲ್ಲ ಕೊಡುತ್ತಾನೆ ಎಂದು ಕೆಲವರು ಇನ್ನೊಂದು ತುದಿಗೆ ಹೋಗುತ್ತಾರೆ. ಇದೂ ಅದೇ ಗೊಂದಲದ ಮಗ್ಗುಲು. ಕೃಪೆಯನ್ನು ಮೊದಲನೆಯವರು ಸಾಲಮನ್ನಾ ಎಂದುಕೊಂಡರೆ ಇವರು ಬಡ್ಡಿ ಎಂದುಕೊಳ್ಳುತ್ತಾರೆ. ಪುಣ್ಯಕೋಟಿಯ ಕಥೆ ಕೇಳಿ ಬೆಳೆದ ನಮಗೆ ಈ ನಂಬಿಕೆ ಹತ್ತಿರದ್ದು. ಹಸು ಮಾತಿಗೆ ತಪ್ಪದೆ ಬಂತು, ಹುಲಿಯ ಮನಸ್ಸು ಕರಗಿತು, ಹಸು ಉಳಿಯಿತು. ಆದರೆ ಹಸು ಉಳಿಯುತ್ತೇನೆಂಬ ಭರವಸೆಯಿಂದ ಬಂದದ್ದಲ್ಲ, ಸಾಯಲು ಸಿದ್ಧವಾಗಿ ಬಂದಿತ್ತು ಎಂಬುದನ್ನು ನಾವು ಮರೆಯುತ್ತೇವೆ. ಇದೇ ಥಾಣೆಯಲ್ಲಿ 1321ರ ಏಪ್ರಿಲಿನಲ್ಲಿ ಹುಲಿಯ ಮನಸ್ಸು ಕರಗಲಿಲ್ಲ. ಟೊಲೆಂಟಿನೊದ ಥಾಮಸ್ ಮತ್ತು ಅವನ ಮೂವರು ಫ್ರಾನ್ಸಿಸ್ಕನ್ ಸಂಗಡಿಗರು ಚೀನಾಕ್ಕೆ ಹೊರಟವರು ಇಲ್ಲಿ ಇಳಿದು, ಊರಿನ ನೆಸ್ಟೋರಿಯನ್ ಕ್ರೈಸ್ತರ ಮನೆಯಲ್ಲಿ ಉಳಿದಿದ್ದರು. ಆ ಮನೆಯ ಗಂಡ-ಹೆಂಡಿರ ಜಗಳವೊಂದು ಖಾಜಿಯ ಮುಂದೆ ಹೋದಾಗ ಇವರ ಹೆಸರೂ ಬಂತು. ವಿಚಾರಣೆ ಜಗಳವನ್ನು ಬಿಟ್ಟು ಧರ್ಮದ ಕಡೆ ಹೊರಳಿತು. ಕೇಳಿದ ಪ್ರಶ್ನೆಗೆ ಅವರು ತಾವು ನಂಬಿದ್ದನ್ನು ಮರೆಮಾಚದೆ ಹೇಳಿ ಪ್ರಾಣ ಕಳೆದುಕೊಂಡರು. ಅವರ ಸಂಗಡ ಬಂದಿದ್ದ ಜೋರ್ಡಾನಸ್ ಎಂಬ ಡೊಮಿನಿಕನ್ ಸನ್ಯಾಸಿ ಇದನ್ನು ಪತ್ರದಲ್ಲಿ ದಾಖಲಿಸಿದ. ಕೆಲಕಾಲದ ಮೇಲೆ ಬಂದ ಒಡೊರಿಕ್ ಎಂಬ ಸನ್ಯಾಸಿ ಆ ನಾಲ್ವರ ಅಸ್ಥಿಗಳನ್ನು ಚೀನಾಕ್ಕೆ ಒಯ್ದ. ಈ ಘಟನೆಯಿಂದ ಒಂದು ಧರ್ಮದ ಮೇಲೆ ಇನ್ನೊಂದನ್ನು ಎತ್ತಿಕಟ್ಟುವುದು ತಪ್ಪು. ಅಧಿಕಾರದ ಮುಂದೆ ಸತ್ಯ ನುಡಿದು ಸತ್ತವರೂ ಅಧಿಕಾರದಲ್ಲಿ ಕೂತು ಕೊಂದವರೂ ಎಲ್ಲ ಧರ್ಮಗಳಲ್ಲಿದ್ದಾರೆ. ನನ್ನ ವಾದಕ್ಕೆ ಬೇಕಾದದ್ದು ಇಷ್ಟು: ಸತ್ಯ ಹೇಳಿದ್ದಕ್ಕೆ ಆ ನಾಲ್ವರಿಗೆ ಪ್ರತಿಫಲವಾಗಿ ಏನೂ ಸಿಗಲಿಲ್ಲ. ಪ್ರಾಮಾಣಿಕತೆಯಿಂದ ದೇವರ ಕೃಪೆಯನ್ನು ಖರೀದಿಸಬಹುದೆಂಬ ಲೆಕ್ಕ ಇಲ್ಲಿ ಪೂರ್ತಿ ಸೋಲುತ್ತದೆ. ಕೃಪೆಯಲ್ಲಿ ನಂಬಿಕೆಯಿದ್ದವನು ಪ್ರತಿಫಲವಿಲ್ಲದೆಯೂ ಸತ್ಯ ಹೇಳಬಲ್ಲ ಎಂಬುದು ಮಾತ್ರ ನಿಲ್ಲುತ್ತದೆ.

ಪ್ರಾಮಾಣಿಕತೆಗೂ ಕೃಪೆಗೂ ನಿಜವಾದ ಸಂಬಂಧ ಯಾವುದು ಎಂಬುದು ಅಪೊಸ್ತಲರ ಕೃತ್ಯಗಳ ಐದನೆಯ ಅಧ್ಯಾಯದಲ್ಲಿ ಕಾಣುತ್ತದೆ. ಅನನೀಯ ಮತ್ತು ಅವನ ಹೆಂಡತಿ ಸಪ್ಫೈರ ಹೊಲ ಮಾರಿ, ಹಣದಲ್ಲಿ ಒಂದು ಪಾಲನ್ನು ಇಟ್ಟುಕೊಂಡು, ಉಳಿದದ್ದನ್ನು ಪೂರ್ತಿ ಹಣವೆಂಬಂತೆ ಅಪೊಸ್ತಲರ ಪಾದದ ಬಳಿ ಇಟ್ಟರು. ಪೇತ್ರನು ಕೇಳಿದ್ದು ಹಣದ ಪ್ರಶ್ನೆಯಲ್ಲ. ಹೊಲ ನಿನ್ನದೇ ಆಗಿತ್ತು, ಮಾರಿದ ಮೇಲೆ ಹಣವೂ ನಿನ್ನ ಕೈಯಲ್ಲೇ ಇತ್ತು ಎಂದು ಅವನೇ ನೆನಪಿಸುತ್ತಾನೆ. ಅರ್ಧ ಕೊಟ್ಟು ಇದು ಅರ್ಧ ಎಂದಿದ್ದರೆ ಯಾವ ತಪ್ಪೂ ಇರಲಿಲ್ಲ. ಅವರು ಸುಳ್ಳು ಹೇಳಿದ್ದು ಇನ್ನಷ್ಟು ಭಕ್ತರಾಗಿ ಕಾಣಿಸಿಕೊಳ್ಳಲು. ಇದನ್ನು ಓದುವಾಗಲೆಲ್ಲ ನನಗೆ ಅನಿಸುವುದು, ಆ ಸುಳ್ಳಿನ ಬೇರು ಹಣದಾಸೆಗಿಂತ ಆಳದಲ್ಲಿದೆ. ನಾನು ಇರುವ ಹಾಗೆಯೇ ಸ್ವೀಕೃತನಾಗಿದ್ದೇನೆ ಎಂಬ ನಂಬಿಕೆ ಅವರಿಗಿರಲಿಲ್ಲ. ದೇವರ ಮುಂದೆಯೂ ದೇವಜನರ ಮುಂದೆಯೂ ತಮ್ಮ ಜಾಗವನ್ನು ಸಂಪಾದಿಸಿಕೊಳ್ಳಬೇಕೆಂದು ಅವರು ತಿಳಿದಿದ್ದರು. ಸಂಪಾದಿಸಬೇಕಾದವನಿಗೆ ಸುಳ್ಳು ಬೇಕಾಗುತ್ತದೆ, ವರವಾಗಿ ಪಡೆದವನಿಗೆ ಬೇಕಾಗುವುದಿಲ್ಲ. ನಂಬಿಕೆಯೆಂದರೆ ಇದೇ: ನನ್ನ ನಿಜವನ್ನು ಬಲ್ಲ ದೇವರು ಅದನ್ನು ಬಲ್ಲವನಾಗಿಯೇ ನನ್ನನ್ನು ಸ್ವೀಕರಿಸಿದ್ದಾನೆ ಎಂಬ ಭರವಸೆ. ಈ ಭರವಸೆ ಇದ್ದಲ್ಲಿ ಮುಚ್ಚಿಡುವ ಕಾರಣವೇ ಇಲ್ಲವಾಗುತ್ತದೆ. ಆದ್ದರಿಂದ ಅಪ್ರಾಮಾಣಿಕತೆ ಒಂದು ನೀತಿಯ ಲೋಪ ಮಾತ್ರವಲ್ಲ, ಕೃಪೆಯ ಮೇಲಿನ ಅಪನಂಬಿಕೆ. ಸತ್ಯ ಹೊರಬಿದ್ದರೆ ಕೃಪೆ ನನ್ನನ್ನು ಹಿಡಿಯಲಾರದು ಎಂದು ಸುಳ್ಳುಗಾರ ಒಳಗೊಳಗೇ ತಿಳಿದಿರುತ್ತಾನೆ. ಹಳೆಯದನ್ನು ಕೆದಕಿದರೆ ಕೃಪೆಯನ್ನು ಶಂಕಿಸಿದಂತೆ ಎನ್ನುವವರಿಗೆ ನನ್ನ ಉತ್ತರ ಇಲ್ಲಿದೆ. ಮುಚ್ಚಿಟ್ಟುಕೊಂಡಿರುವುದೇ ಶಂಕೆ.

ಎರಡನೆಯ ಆಕ್ಷೇಪ ಶಿಲುಬೆಯ ಮೇಲಿನ ಕಳ್ಳನದು. ಅವನು ಯಾರಿಗೂ ಏನನ್ನೂ ಹಿಂತಿರುಗಿಸಲಿಲ್ಲ, ಆದರೂ ಪರದೈಸು ಸಿಕ್ಕಿತು. ನಿಜ. ಆದರೆ ಮೊಳೆ ಹೊಡೆದ ಕೈಯಿಂದ ಅವನು ಏನನ್ನು ಕೊಡಬಹುದಿತ್ತು? ಕೊಡಬಹುದಾಗಿದ್ದ ಒಂದನ್ನು ಕೊಟ್ಟ: ನಮಗೆ ಆದದ್ದು ನ್ಯಾಯವೇ ಎಂದು ಎಲ್ಲರೆದುರು ಒಪ್ಪಿಕೊಂಡ. ಸರಿಪಡಿಸಲಾಗದ ತಪ್ಪುಗಳಿವೆ. 2013ರ ಏಪ್ರಿಲ್ 4ರಂದು ಥಾಣೆಯ ಶಿಳ್ ಫಾಟಾದಲ್ಲಿ ಪರವಾನಗಿಯಿಲ್ಲದೆ ಎದ್ದ ಕಟ್ಟಡ ಕುಸಿದು 74 ಜನ ಸತ್ತರು. ಬಿಲ್ಡರುಗಳ ಜೊತೆ ಪಾಲಿಕೆಯ ಅಧಿಕಾರಿಗಳೂ ಪೊಲೀಸರೂ ಬಂಧಿತರಾದರು. ಅಂಥ ಸಾವಿಗೆ ಕಾರಣನಾದವನು ಯಾರೇ ಆಗಲಿ, ನಾಲ್ಕರಷ್ಟಲ್ಲ ನಾಲ್ಕು ಸಾವಿರದಷ್ಟು ಕೊಟ್ಟರೂ ಒಂದು ಜೀವ ಮರಳುವುದಿಲ್ಲ. ಅಂಥವನಿಗೂ ದೇವರ ಕೃಪೆ ಮುಚ್ಚಿಲ್ಲ ಎಂದು ಕ್ರೈಸ್ತನು ನಂಬಬೇಕು, ಇದು ಕಷ್ಟದ ನಂಬಿಕೆಯಾದರೂ. ಆದರೆ ಆಗಲೂ ಪ್ರಾಮಾಣಿಕತೆ ಉಳಿದೇ ಇರುತ್ತದೆ: ನಾನು ಮಾಡಿದೆ ಎನ್ನುವುದು, ಸಾಕ್ಷ್ಯ ಮುಚ್ಚಿಹಾಕದಿರುವುದು, ಶಿಕ್ಷೆಯಿಂದ ತಪ್ಪಿಸಿಕೊಳ್ಳಲು ಕೃಪೆಯನ್ನು ಅಡ್ಡ ಹಿಡಿಯದಿರುವುದು. ಊರೀಯನನ್ನು ಕೊಲ್ಲಿಸಿದ ದಾವೀದನಿಗೆ ಪ್ರವಾದಿ ನಾತಾನನು ಕ್ಷಮೆಯನ್ನೂ ಹೇಳಿದ, ಅದರ ಜೊತೆಗೇ ಪರಿಣಾಮಗಳನ್ನೂ ಹೇಳಿದ. ಒಂದರಿಂದ ಇನ್ನೊಂದು ರದ್ದಾಗಲಿಲ್ಲ.

ಮೂರನೆಯ ಆಕ್ಷೇಪ ಸಂಬಳದಲ್ಲಿ ಬದುಕುವವರದು, ಹಗುರವಾಗಿ ತೆಗೆದುಕೊಳ್ಳುವಂಥದ್ದಲ್ಲ. ಬ್ಲ್ಯಾಕ್ ಕೊಡದಿದ್ದರೆ ಈ ಊರಲ್ಲಿ ಮನೆ ಸಿಗುವುದಿಲ್ಲ, ವ್ಯವಸ್ಥೆಯೇ ಹಾಗಿದೆ, ಮಾರುವವನ ಒತ್ತಾಯಕ್ಕೆ ಕೊಳ್ಳುವವನು ಏನು ಮಾಡಬೇಕು? ಒತ್ತಾಯ ಅಪರಾಧವನ್ನು ತಗ್ಗಿಸುತ್ತದೆ, ಒಪ್ಪಿದೆ. ಬೇರೆ ದಾರಿಯಿದ್ದೂ ಲಾಭಕ್ಕಾಗಿ ಸುಳ್ಳು ಬರೆಸಿದವನೂ ಬಾಡಿಗೆ ಕಟ್ಟಲಾರದೆ ಒಪ್ಪಿದವನೂ ಒಂದೇ ತಕ್ಕಡಿಯಲ್ಲಿ ನಿಲ್ಲುವುದಿಲ್ಲ. ಆದರೆ ತಗ್ಗಿದ ಅಪರಾಧ ಅಳಿಸಿಹೋದ ಅಪರಾಧವಲ್ಲ. ಸಿಕ್ಕಿಬಿದ್ದವನು ಸಿಕ್ಕಿಬಿದ್ದೆ ಎಂದಾದರೂ ಹೇಳಬಹುದು. ಕೈ ತೊಳೆದುಕೊಂಡು ಅದನ್ನು ದೇವರ ಅದ್ಭುತವೆಂದು ಸಾಕ್ಷಿ ಹೇಳುವುದು ಬೇರೆ. ಲೂಕನ ಹದಿನೆಂಟನೆಯ ಅಧ್ಯಾಯದ ಸುಂಕದವನು ಕಣ್ಣೆತ್ತಲೂ ಹೆದರಿ ಕರುಣೆ ಬೇಡಿದ, ನೀತಿವಂತನೆನಿಸಿ ಮನೆಗೆ ಹೋದ. ತನ್ನ ಉಪವಾಸವನ್ನೂ ದಶಮಾಂಶವನ್ನೂ ಪಟ್ಟಿಮಾಡಿದ ಫರಿಸಾಯನಿಗೆ ಹಾಗಾಗಲಿಲ್ಲ. ಈ ಸಾಮ್ಯವನ್ನು ಪಾಪ ಮಾಡಲು ಪರವಾನಗಿಯೆಂದು ಓದಬಾರದು. ಕೃಪೆ ಹೆಚ್ಚಲೆಂದು ಪಾಪದಲ್ಲಿ ಮುಂದುವರಿಯೋಣವೇ ಎಂಬ ಪ್ರಶ್ನೆಯನ್ನು ಪೌಲನು ರೋಮಾಪುರದವರಿಗೆ ಬರೆಯುವಾಗ ಎತ್ತಿ, ಖಡಾಖಂಡಿತವಾಗಿ ನಿರಾಕರಿಸಿದ್ದಾನೆ.

ಕೊನೆಯ ಆಕ್ಷೇಪ ಹೊರಗಿನವರದು. ದೇವರನ್ನು ನಂಬದೆಯೂ ಪ್ರಾಮಾಣಿಕರಾಗಿರುವವರು ಎಷ್ಟೋ ಜನರಿದ್ದಾರೆ, ಇದಕ್ಕೆ ಕೃಪೆಯ ಮಾತೇಕೆ ಎನ್ನುತ್ತಾರೆ. ಇದ್ದಾರೆ, ಅವರಿಗೆ ನಮಸ್ಕಾರ. ಧರ್ಮಶಾಸ್ತ್ರ ಇಲ್ಲದವರ ಹೃದಯದಲ್ಲೂ ಅದರ ವಿಧಿ ಬರೆದಿದೆ ಎಂದು ಪೌಲನೇ ಒಪ್ಪಿದ್ದಾನೆ. ಹನ್ನೆರಡನೆಯ ಶತಮಾನದ ಶರಣರು ಕಾಯಕದ ಶುದ್ಧಿಗೆ ಕೊಟ್ಟ ಬೆಲೆಯನ್ನು ನಮ್ಮ ಎಷ್ಟೋ ಸಭೆಗಳು ಇನ್ನೂ ಕೊಡಬೇಕಾಗಿದೆ. ಕ್ರೈಸ್ತರು ಬೇರೆಯವರಿಗಿಂತ ಪ್ರಾಮಾಣಿಕರು ಎಂಬುದು ನನ್ನ ವಾದವಲ್ಲ. ಕೃಪೆಯನ್ನು ನಂಬುತ್ತೇನೆಂದು ಹೇಳುವವನಿಗೆ ಸುಳ್ಳು ಹೇಳಲು ಇರುವ ದೊಡ್ಡ ನೆಪವೊಂದು, ಅಂದರೆ ತಿರಸ್ಕೃತನಾಗುವ ಭಯ, ಕಳಚಿಬಿದ್ದಿದೆ ಎಂಬುದಷ್ಟೇ ನನ್ನ ವಾದ. ಆಮೇಲೂ ಅವನು ಸುಳ್ಳನ್ನೇ ಹಿಡಿದುಕೊಂಡಿದ್ದರೆ ಉತ್ತರ ಕೊಡಬೇಕಾದವನು ಅವನು.

ಆದ್ದರಿಂದ ನಮ್ಮ ಸಭೆಗಳ ಹಿರಿಯರಲ್ಲಿ, ಗುರುಗಳಲ್ಲಿ, ಸಭಾಪಾಲಕರಲ್ಲಿ ಒಂದು ವಿನಂತಿ. ಒಬ್ಬನು ಬಂದು ನನಗೆ ಕ್ಷಮೆ ಸಿಕ್ಕಿತು ಎಂದಾಗ ಅವನ ಸಂತೋಷದಲ್ಲಿ ಪಾಲುಗೊಳ್ಳಿ, ಅದರ ಜೊತೆಗೆ ಯಾರಿಗೆ ಏನು ಹಿಂತಿರುಗಿಸಬೇಕಿದೆ ಎಂದೂ ಮೆಲ್ಲಗೆ ಕೇಳಿ. ಪಟ್ಟಿ ದೊಡ್ಡದಿದ್ದರೆ ಹೆದರಿಸಬೇಡಿ, ಕಂತಿನಲ್ಲಿ ತೀರಿಸಲು ಜೊತೆ ನಿಲ್ಲಿ. ಪೀಠದ ಬಳಿ ಕಾಣಿಕೆ ತಂದಾಗ ಸಹೋದರನಿಗೆ ನಿನ್ನ ಮೇಲೆ ದೂರಿದೆಯೆಂದು ನೆನಪಾದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ರಾಜಿಯಾಗು ಎಂದು ಯೇಸು ಬೆಟ್ಟದ ಪ್ರಸಂಗದಲ್ಲಿ ಹೇಳಿದ್ದು ದಾರಿಹೋಕರಿಗಲ್ಲ, ಕಾಣಿಕೆ ಹಿಡಿದು ನಿಂತ ಭಕ್ತರಿಗೆ. ಕೊಡಬೇಕಾದದ್ದನ್ನು ಕೊಟ್ಟು ಬನ್ನಿ. ದೇವರ ಕೃಪೆ ಅಷ್ಟು ಹೊತ್ತು ಕಾಯುತ್ತದೆ.